ಸಿಕ್ಕಿಕೊಂಡ ಪಿಸ್ಟನ್ ಹೊರಬರುವುದು ಹೇಗೆ?

ಮಕ್ಕಳೇ, ವೇಗವಾಗಿ ಓಡುವ ಕಾರನ್ನು ಚಾಲಕರು ಒಂದು ಪೆಡಲ್ ಒತ್ತಿ ನಿಲ್ಲಿಸುತ್ತಾರೆ. ಅವರ ಕಾಲಿನ ಬಲ ಚಕ್ರವನ್ನು ತಲುಪುವುದು ಹೇಗೆ ಗೊತ್ತೆ?

ಪೆಡಲಿನಿಂದ ಚಕ್ರಗಳವರೆಗೆ ಸಣ್ಣ ಕೊಳವೆಗಳಿವೆ. ಅವುಗಳಲ್ಲಿ ಬ್ರೇಕ್ ಆಯಿಲ್ ಎಂಬ ದ್ರವ ತುಂಬಿರುತ್ತದೆ. ಚಕ್ರದೊಡನೆ ತಿರುಗುವ ಲೋಹದ ತಟ್ಟೆಯೇ ಡಿಸ್ಕ್. ಅದನ್ನು ಇಕ್ಕಳದಂತೆ ಹಿಡಿಯುವ ಭಾಗ ಕ್ಯಾಲಿಪರ್. ಪೆಡಲ್ ಒತ್ತಿದಾಗ ದ್ರವದ ಒತ್ತಡ ಕ್ಯಾಲಿಪರಿನೊಳಗಿನ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಅದು ಪ್ಯಾಡುಗಳನ್ನು ಡಿಸ್ಕಿಗೆ ಒತ್ತುತ್ತದೆ. ಘರ್ಷಣೆಯಿಂದ ಚಕ್ರ ನಿಲ್ಲುತ್ತದೆ.

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಇದೇ ಪ್ಯಾಸ್ಕಲ್‌ನ ನಿಯಮ. ಇದನ್ನು ತಿಳಿಸಿದವನು ಫ್ರಾನ್ಸಿನ ವಿಜ್ಞಾನಿ ಬ್ಲೇಸ್ ಪ್ಯಾಸ್ಕಲ್ (1623-1662).

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವಾಂಶವನ್ನು ಹೀರಿಕೊಳ್ಳುತ್ತದೆ. ಬಹಳ ಕಾಲ ಬದಲಿಸದಿದ್ದರೆ ಒಳಗೆ ತುಕ್ಕು ಹಿಡಿಯುತ್ತದೆ. ಪಿಸ್ಟನ್ನಿನ ರಬ್ಬರ್ ಹೊದಿಕೆ ಹರಿದರೆ ನೀರು, ಕೆಸರು ಸೇರುತ್ತವೆ. ಆಗ ಪಿಸ್ಟನ್ ಸಿಕ್ಕಿಕೊಳ್ಳುತ್ತದೆ. ಪೆಡಲ್ ಬಿಟ್ಟರೂ ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ಚಕ್ರ ಬಿಸಿಯಾಗುತ್ತದೆ, ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಇದು ಅಪಾಯ.

ಇಕ್ಕಳದಿಂದ ಎಳೆದರೆ ನಯವಾದ ಪಿಸ್ಟನ್ನಿಗೆ ಗೀರು ಬೀಳುತ್ತದೆ. ಗೀರು ಬಿದ್ದರೆ ಆಯಿಲ್ ಸೋರಬಹುದು. ಹಾಗಾದರೆ ಅದನ್ನು ತೆಗೆಯುವುದು ಹೇಗೆ? ಅನುಭವಿ ಮೆಕ್ಯಾನಿಕ್ ಕ್ಯಾಲಿಪರನ್ನು ಡಿಸ್ಕಿನಿಂದ ಕಳಚುತ್ತಾರೆ. ಆಯಿಲ್ ಕೊಳವೆಯನ್ನು ಮಾತ್ರ ಹಾಗೆಯೇ ಬಿಡುತ್ತಾರೆ. ಪಿಸ್ಟನ್ನಿನ ಎದುರು ಮರದ ತುಂಡೊಂದನ್ನು ಇಡುತ್ತಾರೆ. ಸಹಾಯಕ ಪೆಡಲನ್ನು ನಿಧಾನವಾಗಿ ಒತ್ತುತ್ತಾನೆ. ದ್ರವದ ಒತ್ತಡಕ್ಕೆ ಪಿಸ್ಟನ್ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ.

ಕಂಪ್ರೆಸರಿನ ಗಾಳಿಯಿಂದಲೂ ತಳ್ಳಬಹುದಲ್ಲವೆ? ಉತ್ತರಕ್ಕೆ ಈ ಪ್ರಯೋಗ ಮಾಡಿ.

ಮಾಡಿ ನೋಡಿ: ಸೂಜಿಯಿಲ್ಲದ ಹೊಸ ಸಿರಿಂಜಿನಲ್ಲಿ ಗುಳ್ಳೆಯಿಲ್ಲದಂತೆ ನೀರು ತುಂಬಿ. ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿಕೆಯನ್ನು ಒತ್ತಿ. ಅದು ಜರುಗುವುದಿಲ್ಲ. ಈಗ ನೀರು ಚೆಲ್ಲಿ, ಗಾಳಿ ತುಂಬಿ ಒತ್ತಿ. ಹಿಡಿಕೆ ಒಳಗೆ ಹೋಗುತ್ತದೆ. ಕೈ ಬಿಟ್ಟರೆ ಹಿಂದಕ್ಕೆ ಚಿಮ್ಮುತ್ತದೆ.

ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತದೆ. ತುಕ್ಕಿನ ಹಿಡಿತ ಬಿಟ್ಟ ಕೂಡಲೇ ಆ ಶಕ್ತಿಯೆಲ್ಲ ಒಮ್ಮೆಗೇ ಹೊರಬೀಳುತ್ತದೆ. ಪಿಸ್ಟನ್ ಗುಂಡಿನಂತೆ ಹಾರಿ ಬೆರಳನ್ನು ಜಜ್ಜಬಹುದು. ದ್ರವ ಹಾಗಲ್ಲ. ಪಿಸ್ಟನ್ ಕೊಂಚ ಸರಿದರೂ ಅದರ ಒತ್ತಡ ಇಳಿದುಬಿಡುತ್ತದೆ.

ದುರಸ್ತಿಯ ಕೊನೆಯಲ್ಲಿ ಹೊಸ ಆಯಿಲ್ ತುಂಬಿ, ಕೊಳವೆಯೊಳಗಿನ ಗಾಳಿಯ ಗುಳ್ಳೆಗಳನ್ನೆಲ್ಲ ಹೊರತೆಗೆಯುತ್ತಾರೆ. ಒಂದಷ್ಟು ಗುಳ್ಳೆ ಉಳಿದರೆ ಬ್ರೇಕ್ ಒತ್ತಿದಾಗ ಏನಾದೀತು? ನಿಮ್ಮ ಸಿರಿಂಜನ್ನು ನೆನೆದು ಹೇಳಿ ನೋಡೋಣ.