ಹಾರ್ಡ್ ಡಿಸ್ಕ್ ಮೌನ ತಾಳಿದಾಗ

ಮನೆಯ ರೇಡಿಯೋ ಇದ್ದಕ್ಕಿದ್ದಂತೆ ಮೌನವಾದರೆ ತಿಳಿದವನು ಮೊದಲು ಅದರ ಹೊಟ್ಟೆಯನ್ನು ಬಿಚ್ಚುವುದಿಲ್ಲ. ವಿದ್ಯುತ್ತಿದೆಯೆ, ಪ್ಲಗ್ಗು ಸರಿಯಾಗಿ ಕುಳಿತಿದೆಯೆ, ತಂತಿ ಎಲ್ಲಿಯಾದರೂ ತುಂಡಾಗಿದೆಯೆ ಎಂದು ನೋಡುತ್ತಾನೆ. ಹೊರಗಿನಿಂದ ಒಳಕ್ಕೆ ಹೋಗುವ ಈ ಕ್ರಮವೇ ಕಂಪ್ಯೂಟರಿಗೆ ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕಿಗೂ ಸಲ್ಲುತ್ತದೆ. ಆದರೆ ಒಂದು ಭೇದವುಂಟು. ರೇಡಿಯೋ ಕೆಟ್ಟರೆ ಹೊಸದನ್ನು ಕೊಂಡರಾಯಿತು. ಹಾಡು ಆಕಾಶದಲ್ಲಿ ಇದ್ದೇ ಇರುತ್ತದೆ. ಹಾರ್ಡ್ ಡಿಸ್ಕ್ ಕೆಟ್ಟರೆ ಪೆಟ್ಟಿಗೆಯೊಡನೆ ಅದರೊಳಗಿನ ನಿಧಿಯೂ ಹೋಗಬಹುದು. ಮಗಳ ಮದುವೆಯ ಚಿತ್ರಗಳನ್ನೂ ತೀರಿಹೋದ ಹಿರಿಯರ ಧ್ವನಿಯನ್ನೂ ಯಾವ ಅಂಗಡಿಯಿಂದ ಕೊಂಡು ತರೋಣ? ಆದುದರಿಂದ ಪೆಟ್ಟಿಗೆಯನ್ನು ಬದುಕಿಸುವುದಲ್ಲ, ಅದರಲ್ಲಿರುವುದನ್ನು ಉಳಿಸುವುದೇ ನಮ್ಮ ಕೆಲಸವೆಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈ ಪೆಟ್ಟಿಗೆಯೊಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿವೆ. ಅವುಗಳ ಮೇಲಿನ ತೆಳುವಾದ ಕಾಂತಲೇಪದಲ್ಲಿ ಬರೆಹವೆಲ್ಲ ಅಡಗಿರುತ್ತದೆ. ಅಂಗೈಯಗಲದ ಡಿಸ್ಕಿನಲ್ಲಿ ಈ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ಸುತ್ತುತ್ತವೆ. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಿಯೇ ಹಾಡುತ್ತಿತ್ತು. ಇಲ್ಲಿನ ಓದುವ ಮುಳ್ಳು ತಟ್ಟೆಯನ್ನು ಮುಟ್ಟಕೂಡದು. ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ಅದು ತೇಲುತ್ತಿರುತ್ತದೆ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದು, ಎಲ್ಲ ಸೇರಿ 50 ಲಕ್ಷ ಅಕ್ಷರಗಳು ಹಿಡಿಯುತ್ತಿದ್ದವು. ಇಂದಿನ ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಒಂದು ಲಕ್ಷ ಕೋಟಿ ರೋಮನ್ ಅಕ್ಷರಗಳಿಗೆ ಎಡೆಯುಂಟು. ಇಷ್ಟು ಸೂಕ್ಷ್ಮವಾದ ಯಂತ್ರ ಕೆಳಗೆ ಬಿದ್ದರೆ, ಓಡುತ್ತಿರುವಾಗ ಅಲುಗಿದರೆ ಏನಾಗುವುದೆಂಬುದನ್ನು ನೀವೇ ಊಹಿಸಬಹುದು. ಎಸ್‌ಎಸ್‌ಡಿ ಎಂಬ ಹೊಸ ಬಗೆಯಲ್ಲಿ ತಿರುಗುವ ತಟ್ಟೆಗಳಿಲ್ಲ; ಆದರೆ ಅದೂ ಕೆಡುವುದುಂಟು.

ಈಗ ಪರೀಕ್ಷೆಗೆ ತೊಡಗೋಣ. ಮೊದಲನೆಯದು ವಿದ್ಯುತ್ತು. ಚಿಕ್ಕ ಡಿಸ್ಕು ತನಗೆ ಬೇಕಾದ ವಿದ್ಯುತ್ತನ್ನು ಯುಎಸ್‌ಬಿ ಕೇಬಲ್ಲಿನಿಂದಲೇ ಪಡೆಯುತ್ತದೆ. ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡುವುದಾಗಿ ಒಪ್ಪಿರುವುದು ಅರ್ಧ ಆಂಪಿಯರ್ ಮಾತ್ರ, 3.0 ಕಿಂಡಿಯಾದರೆ 0.9 ಆಂಪಿಯರ್. ನಿಂತ ಬಂಡಿಯನ್ನು ಎಳೆಯಲು ಎತ್ತಿಗೆ ಹೆಚ್ಚು ಬಲ ಬೇಕಾಗುವಂತೆ, ತಟ್ಟೆ ತಿರುಗತೊಡಗುವಾಗ ಹೆಚ್ಚು ವಿದ್ಯುತ್ತು ಬೇಕು. ಆದ್ದರಿಂದ ನಡುವೆ ಹಬ್ ಇದ್ದರೆ ಅದನ್ನು ತೆಗೆದು, ಕೇಬಲ್ಲನ್ನು ನೇರವಾಗಿ ಕಂಪ್ಯೂಟರಿನ ಹಿಂಬದಿಯ ಕಿಂಡಿಗೆ ಚುಚ್ಚಿ. ಬೇರೊಂದು ಕೇಬಲ್ಲನ್ನು ತಂದು ನೋಡಿ. ಬೇರೊಂದು ಕಂಪ್ಯೂಟರಿಗೂ ಜೋಡಿಸಿ ನೋಡಿ. ದೊಡ್ಡ ಡಿಸ್ಕಿಗಾದರೆ ಪ್ರತ್ಯೇಕ ಅಡಾಪ್ಟರ್ ಉಂಟು. ಅದು ಕೆಟ್ಟಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಿ. ಡಿಸ್ಕು ಸತ್ತಿತೆಂದು ನಾವು ಮರುಗುವ ಎಷ್ಟೋ ಸಂದರ್ಭಗಳಲ್ಲಿ ಸತ್ತಿರುವುದು ಕೇಬಲ್ಲು ಮಾತ್ರ.

ಎರಡನೆಯದು ಕಿವಿಯ ಪರೀಕ್ಷೆ. ಪೆಟ್ಟಿಗೆಯ ಬಳಿ ಕಿವಿಗೊಟ್ಟು ಆಲಿಸಿ. ಮೆಲ್ಲನೆಯ ಒಂದೇ ಸಮನಾದ ಗುಂಯ್‌ಗುಡುವಿಕೆ ಕೇಳಿದರೆ ತಟ್ಟೆ ತಿರುಗುತ್ತಿದೆಯೆಂದು ಅರ್ಥ. ಕೇಬಲ್ಲು ಕಿಂಡಿಗಳನ್ನು ಬದಲಿಸಿದ ಮೇಲೂ ಟಿಕ್ ಟಿಕ್ ಎಂಬ ಸದ್ದು ಮತ್ತೆ ಮತ್ತೆ ಬರುತ್ತಿದ್ದರೆ, ಅಥವಾ ಕರಕರ ಸದ್ದಾದರೆ, ಓದುವ ಮುಳ್ಳಿಗೋ ತಟ್ಟೆಗೋ ಏಟಾಗಿರುವ ಸಂಭವವಿದೆ. ಆಗ ತಕ್ಷಣ ವಿದ್ಯುತ್ತನ್ನು ಕಡಿದುಬಿಡಿ. ಒಂದೊಂದು ಪ್ರಯತ್ನವೂ ಗಾಯವನ್ನು ಹೆಚ್ಚಿಸುತ್ತದೆ. ಪೆಟ್ಟಿಗೆಯನ್ನು ಬಿಚ್ಚುವುದಾಗಲಿ, ಕೆಲವರು ಹೇಳುವಂತೆ ಫ್ರಿಜ್ಜಿನಲ್ಲಿಡುವುದಾಗಲಿ ಸಲ್ಲದು. ಒಳಹೊಕ್ಕ ಧೂಳಿನ ಕಣವೇ ಆ ಮುಳ್ಳಿಗೆ ಬಂಡೆ. ಒಳಗಿರುವುದು ಅಮೂಲ್ಯವಾದರೆ ಡೇಟಾ ಮರಳಿ ಪಡೆಯುವ ತಜ್ಞರಿಗೆ ಒಪ್ಪಿಸುವುದೊಂದೇ ದಾರಿ; ಅದಕ್ಕೆ ವೆಚ್ಚ ಹೆಚ್ಚೆಂಬುದನ್ನೂ ತಿಳಿದಿರಬೇಕು.

ಮೂರನೆಯದು ಕಣ್ಣಿನ ಪರೀಕ್ಷೆ. ತಟ್ಟೆ ತಿರುಗುತ್ತಿದೆ, ಆದರೆ ಪರದೆಯಲ್ಲಿ ಡಿಸ್ಕಿನ ಸುಳಿವಿಲ್ಲ. ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿ, ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬುದನ್ನು ತೆರೆಯಿರಿ. ಅಲ್ಲಿ ಡಿಸ್ಕು ಸರಿಯಾಗಿಯೇ ಕಾಣಿಸಿ, ಅದಕ್ಕೆ ಅಕ್ಷರದ ಹೆಸರೊಂದು ಇಲ್ಲದಿರಬಹುದು. ಬಲಗುಂಡಿಯನ್ನೊತ್ತಿ ‘ಚೇಂಜ್ ಡ್ರೈವ್ ಲೆಟರ್’ ಎಂಬಲ್ಲಿ ಒಂದು ಅಕ್ಷರವನ್ನು ಕೊಟ್ಟರೆ ನಾಮಕರಣ ಮುಗಿಯಿತು, ಒಳಗಿರುವುದಕ್ಕೆ ಬಾಧೆಯಿಲ್ಲ. ಮ್ಯಾಕ್ ಕಂಪ್ಯೂಟರಿನ ಪದ್ಧತಿಯಲ್ಲಿ ಬರೆದ ಡಿಸ್ಕನ್ನು ವಿಂಡೋಸ್ ತಾನಾಗಿ ಓದಲಾರದು. ಇದು ಡಿಸ್ಕಿನ ರೋಗವಲ್ಲ, ಲಿಪಿಯ ಭೇದ. ಬರೆದ ಕಂಪ್ಯೂಟರಿಗೇ ಜೋಡಿಸಿ ನೋಡಬೇಕು.

ಇನ್ನು ಎಲ್ಲಕ್ಕಿಂತ ಅಪಾಯದ ಸ್ಥಳಕ್ಕೆ ಬರೋಣ. ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕೆಂದು ಕಂಪ್ಯೂಟರು ಒಮ್ಮೊಮ್ಮೆ ಸವಿನಯವಾಗಿ ಕೇಳುತ್ತದೆ. ‘ಇನಿಶಿಯಲೈಸ್’ ಮಾಡಲೆ ಎಂದೂ ಕೇಳುವುದುಂಟು. ಎರಡಕ್ಕೂ ‘ಕ್ಯಾನ್ಸಲ್’ ಎಂಬುದೇ ಉತ್ತರ. ಶೀಘ್ರ ಫಾರ್ಮ್ಯಾಟೆಂದರೆ ಪುಸ್ತಕದ ವಿಷಯಸೂಚಿಯನ್ನು ಹರಿದುಹಾಕಿದಂತೆ. ಪೂರ್ಣ ಫಾರ್ಮ್ಯಾಟೆಂದರೆ ಪುಟಪುಟವನ್ನೂ ಅಳಿಸಿದಂತೆ. ನಮ್ಮ ಮನೆಯಲ್ಲಿಯೇ ಒಮ್ಮೆ ಹೀಗಾಯಿತು. ತಂದೆಯವರ ಗಮಕವಾಚನದ ಧ್ವನಿಮುದ್ರಣವಿದ್ದ ಡಿಸ್ಕು ಆ ಪ್ರಶ್ನೆಯನ್ನು ಕೇಳಿತು. ಸರಿಹೋಗಲಿ ಎಂಬ ಆತುರದಲ್ಲಿ ನನ್ನ ಬೆರಳು ಒಪ್ಪಿಗೆಯ ಗುಂಡಿಯ ಮೇಲಿತ್ತು. ಹೇಗೋ ಕೈ ತಡೆಯಿತು. ಮರುದಿನ ಕೇಬಲ್ಲನ್ನು ಬದಲಿಸಿದೆ. ಅಪ್ಪನವರ ಧ್ವನಿ ಎಂದಿನಂತೆ ಕೇಳಿಬಂತು. ಆ ರಾತ್ರಿ ಗುಂಡಿಯನ್ನು ಒತ್ತಿದ್ದರೆ ಎಂದು ನೆನೆದರೆ ಇಂದಿಗೂ ಎದೆ ಜುಂ ಎನ್ನುತ್ತದೆ.

ಡಿಸ್ಕು ಒಮ್ಮೆ ಕಣ್ಣು ತೆರೆಯಿತೆಂದರೆ ರಿಪೇರಿಗೆ ತೊಡಗಬೇಡಿ. ಮೊದಲು ಮುಖ್ಯವಾದುದನ್ನೆಲ್ಲ ಬೇರೆಡೆಗೆ ಪ್ರತಿ ಮಾಡಿಕೊಳ್ಳಿ. ‘ಚೆಕ್‌ಡಿಸ್ಕ್’ ಮೊದಲಾದ ಚಿಕಿತ್ಸೆಗಳು ಅನಂತರ. ಅವು ಡಿಸ್ಕಿನ ವ್ಯವಸ್ಥೆಯನ್ನು ಸರಿಪಡಿಸುತ್ತವೆಯೇ ಹೊರತು ನಿಮ್ಮ ಚಿತ್ರಗಳ ಮೇಲೆ ಅವಕ್ಕೆ ಮಮತೆಯಿಲ್ಲ. ತಟ್ಟೆ ಆರೋಗ್ಯವಾಗಿದ್ದು ವಿಷಯಸೂಚಿ ಮಾತ್ರ ಕೆಟ್ಟಿದ್ದರೆ ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಉಚಿತ ತಂತ್ರಾಂಶಗಳು ನೆರವಾಗುತ್ತವೆ. ಅವುಗಳಿಂದ ದೊರೆತುದನ್ನು ಅದೇ ಡಿಸ್ಕಿಗಲ್ಲ, ಇನ್ನೊಂದಕ್ಕೆ ಬರೆಯತಕ್ಕದ್ದು. ಕೆಲಸ ಮುಗಿದ ಮೇಲೆ ‘ಇಜೆಕ್ಟ್’ ಎಂದು ಹೇಳಿಯೇ ಕೇಬಲ್ಲನ್ನು ತೆಗೆಯುವುದು ಒಳ್ಳೆಯ ಅಭ್ಯಾಸ. ಅರ್ಧ ಬರೆದ ವಾಕ್ಯದಲ್ಲಿ ಓಲೆಯನ್ನು ಕಿತ್ತುಕೊಳ್ಳಬಾರದಷ್ಟೆ.

ಎಷ್ಟು ಎಚ್ಚರದಿಂದಿದ್ದರೂ ಡಿಸ್ಕು ಒಂದು ದಿನ ಕೆಟ್ಟೇ ಕೆಡುತ್ತದೆ. ಇದಕ್ಕೆ ಮದ್ದನ್ನು ನಮ್ಮ ಹಿರಿಯರು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದರು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಆ ಕಾವ್ಯ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಕವಿಯ ಭುವನೈಕರಾಮಾಭ್ಯುದಯ ನಮಗೆ ದೊರೆತಿಲ್ಲ. ಕಾರಣ ಇದೊಂದೇ ಎನ್ನಲಾಗದಿದ್ದರೂ ಪಾಠ ಸ್ಪಷ್ಟವಾಗಿದೆ. ಸಾವಿರ ಪ್ರತಿ ನಮಗೆ ಬೇಕಿಲ್ಲ, ಮೂರು ಸಾಕು. ಒಂದು ಕಂಪ್ಯೂಟರಿನಲ್ಲಿ, ಒಂದು ಈ ಪೆಟ್ಟಿಗೆಯಲ್ಲಿ, ಇನ್ನೊಂದು ಬೇರೆ ಊರಿನ ಮಗನ ಮನೆಯಲ್ಲೋ ತಂಗಿಯ ಮನೆಯಲ್ಲೋ ಇರಲಿ. ನಿಮ್ಮ ಡಿಸ್ಕು ಈ ಹೊತ್ತು ಚೆನ್ನಾಗಿ ನಡೆಯುತ್ತಿದ್ದರೆ, ಪ್ರತಿ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಮುಹೂರ್ತವಿಲ್ಲ.