ರಾತ್ರಿ ಬಂದ್ ಆಗೋ ಕಂಪ್ಯೂಟರಿಗೆ ಯಾವ ಶೆಡ್ಯೂಲರ್?

ಇವತ್ತಿನ ವಿಷಯ: ಲಿನಕ್ಸ್ ಕಂಪ್ಯೂಟರಿಗೆ ದಿನದ ಕೆಲಸ ಹಚ್ಚಿಡೋದು. ಒಮ್ಮೆ ಹೇಳಿಟ್ರೆ ವೇಳೆಗೆ ಸರಿಯಾಗಿ ತಾನೇ ಕೆಲಸ ಮಾಡೋ ಸಾಫ್ಟ್‌ವೇರಿಗೆ ಶೆಡ್ಯೂಲರ್ ಅಂತಾರೆ.

ಯಾಕೆ ಬೇಕು? ಔರಾದದಲ್ಲಿ ಒಂದು ಅಡತ್ ಅಂಗಡಿ ಅಂತ ಇಟ್ಕೊಳ್ರಿ. ಸೋಯಾ, ತೊಗರಿ ಸುಗ್ಗಿಯಲ್ಲಿ ಯಾರದು ಎಷ್ಟು ಚೀಲ, ಎಷ್ಟು ರೊಕ್ಕ ಕೊಟ್ಟಾಯ್ತು, ಎಷ್ಟು ಬಾಕಿ, ಎಲ್ಲಾ ಒಂದೇ ಹಾರ್ಡ್ ಡಿಸ್ಕ್‌ನಲ್ಲಿ. ಅದು ಕೆಟ್ಟರೆ ಅಂಗಡಿಯವನ ಲೆಕ್ಕದ ಜೊತೆ ರೈತನ ಬಾಕಿಯ ಪುರಾವೆಯೂ ಹೋಯ್ತು. ಅದಕ್ಕೇ ದಿನಾ ಬ್ಯಾಕಪ್ ಬೇಕು.

ಲಿನಕ್ಸ್‌ನಲ್ಲಿ ಇದಕ್ಕೆ ಎಲ್ಲರೂ ಹೇಳೋ ಹೆಸರು ಕ್ರಾನ್. 1970ರ ದಶಕದ ಯೂನಿಕ್ಸ್‌ನಿಂದ ಬಂದದ್ದು. ಇದರಲ್ಲಿ ಐದು ಕಾಲಂ: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ಸೊನ್ನೆ, ಇಪ್ಪತ್ತೊಂದು, ಆಮೇಲೆ ಮೂರು ನಕ್ಷತ್ರ ಚಿಹ್ನೆ ಬರೆದ್ರೆ ದಿನಾ ರಾತ್ರಿ 9 ಗಂಟೆ ಅಂತ ಅರ್ಥ.

ಆದ್ರೆ ಕ್ರಾನ್ ಹುಟ್ಟಿದ್ದು 24 ತಾಸೂ ಚಾಲೂ ಇರೋ ಯಂತ್ರಗಳಿಗೆ. 9 ಗಂಟೆಗೆ ಕರೆಂಟ್ ಇಲ್ಲ, ಅಥವಾ 8ಕ್ಕೇ ಶಟರ್ ಎಳೆದು ಕಂಪ್ಯೂಟರ್ ಬಂದ್ ಮಾಡಿದ್ರಿ ಅಂದ್ರೆ ಅವತ್ತಿನ ಬ್ಯಾಕಪ್ ತಪ್ಪಿತು. ಮರುದಿನ ಕ್ರಾನ್ ಅದನ್ನು ಮಾಡೋದೂ ಇಲ್ಲ, ನಿಮಗೆ ಹೇಳೋದೂ ಇಲ್ಲ.

ನಮ್ಮ ಕಡೆಗೆ ಹೊಂದೋದು ಆನಾಕ್ರಾನ್. ಇದು ಪ್ರತಿ ಕೆಲಸ ಕಡೇ ಸಲ ಆದ ತಾರೀಖು ಬರೆದಿಟ್ಕೊಳ್ತದೆ. ಕಂಪ್ಯೂಟರ್ ಮತ್ತೆ ಚಾಲೂ ಆದಾಗ ಲೆಕ್ಕ ನೋಡಿ, ಬಾಕಿ ಉಳಿದದ್ದನ್ನು ಸ್ವಲ್ಪ ನಿಮಿಷ ಬಿಟ್ಟು ಶುರು ಮಾಡ್ತದೆ. ಆದ್ರೆ ಇದರ ಲೆಕ್ಕ ದಿನದ್ದು. ಇಂಥ ನಿಮಿಷಕ್ಕೇ ಆಗಬೇಕು ಅನ್ನೋ ಕೆಲಸಕ್ಕೆ ಕ್ರಾನೇ ಬೇಕು.

ಹಾಕೋದು ಹೇಗೆ? ಉಬುಂಟು ಅಥವಾ ಡೆಬಿಯನ್ ಇದ್ರೆ ಟರ್ಮಿನಲ್ ತೆರೆದು ಮೊದಲು ‘ಸುಡೋ ಆಪ್ಟ್ ಅಪ್‌ಡೇಟ್’, ಆಮೇಲೆ ‘ಸುಡೋ ಆಪ್ಟ್ ಇನ್‌ಸ್ಟಾಲ್ ಆನಾಕ್ರಾನ್’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡ್ರಿ. ಮೊದಲೇ ಇದ್ರೆ ಅದೇ ಹೇಳ್ತದೆ. ನಂತರ ನಿಮ್ಮ ಬ್ಯಾಕಪ್ ಸ್ಕ್ರಿಪ್ಟ್‌ನ್ನು ‘ಇಟಿಸಿ’ ಒಳಗಿನ ‘ಕ್ರಾನ್ ಡಾಟ್ ಡೈಲಿ’ ಫೋಲ್ಡರಿನಲ್ಲಿ ಇಡ್ರಿ.

ಇಲ್ಲಿ ಮೂರು ಕಡೆ ಜನ ಎಡವ್ತಾರೆ.

ಒಂದು, ಫೈಲ್ ಹೆಸರಲ್ಲಿ ಚುಕ್ಕೆ ಇರಬಾರದು. ‘ಬ್ಯಾಕಪ್ ಡಾಟ್ ಎಸ್‌ಎಚ್’ ಅಂತಿದ್ರೆ ಅದನ್ನು ಸುಮ್ಮನೆ ಬಿಟ್ಟು ಮುಂದೆ ಹೋಗ್ತದೆ. ಬರೀ ‘ಬ್ಯಾಕಪ್’ ಅಂತಿರಲಿ.

ಎರಡು, ‘ಸಿಎಚ್‌ಮಾಡ್ ಪ್ಲಸ್ ಎಕ್ಸ್’ ಕೊಟ್ಟು ಫೈಲಿಗೆ ಓಡೋ ಅನುಮತಿ ಕೊಡಬೇಕು.

ಮೂರು, ಲ್ಯಾಪ್‌ಟಾಪ್ ಆದ್ರೆ ಚಾರ್ಜರ್ ಹಚ್ಚಿರಬೇಕು. ಉಬುಂಟು, ಡೆಬಿಯನ್‌ನಲ್ಲಿ ಸಾಮಾನ್ಯವಾಗಿ ಬ್ಯಾಟರಿ ಮೇಲೆ ಆನಾಕ್ರಾನ್ ಕೆಲಸ ಶುರು ಮಾಡಲ್ಲ.

ಸರಿ ಆಗಿದೆಯಾ ನೋಡೋಕೆ ‘ರನ್ ಹೈಫನ್ ಪಾರ್ಟ್ಸ್’, ಜಾಗ ಬಿಟ್ಟು ‘ಹೈಫನ್ ಹೈಫನ್ ಟೆಸ್ಟ್’, ಮತ್ತೆ ಜಾಗ ಬಿಟ್ಟು ಆ ಫೋಲ್ಡರಿನ ಪೂರ್ತಿ ವಿಳಾಸ ಕೊಡ್ರಿ. ಯಾವ ಫೈಲ್ ಓಡ್ತವೋ ಅವುಗಳ ಹೆಸರು ಬರ್ತದೆ. ನಿಮ್ಮದು ಇಲ್ಲ ಅಂದ್ರೆ ಮೊದಲ ಎರಡು ಮತ್ತೆ ನೋಡ್ರಿ.

ಕೊನೇ ಮಾತು. ಬ್ಯಾಕಪ್ ಅದೇ ಡಿಸ್ಕ್‌ನಲ್ಲಿ ಬೇಡ, ಬೇರೆ ಡ್ರೈವ್‌ಗೆ ಹೋಗಲಿ. ವಾರಕ್ಕೊಮ್ಮೆ ಆ ಕಾಪಿ ತೆರೆದು, ಒಬ್ಬ ರೈತನ ಖಾತೆ ತೆಗೆದು, ಬಾಕಿ ತಾಳೆ ಆಗ್ತದಾ ನೋಡ್ರಿ. ಆ ಒಂದು ಕೆಲಸ ಯಾವ ಶೆಡ್ಯೂಲರೂ ಮಾಡಿಕೊಡಲ್ಲ.