ತುಮಕೂರು ಸೀಮೆಯ ಮನೆಯ ಅಂಗಗಳೂ ಅವುಗಳ ಹೆಸರುಗಳೂ

೧

ಕನ್ನಡದಲ್ಲಿ ‘ಮನೆ’ ಎಂಬ ಶಬ್ದಕ್ಕೆ ಎರಡು ಪ್ರಯೋಗಗಳುಂಟು. ಇಡೀ ವಾಸಗೃಹಕ್ಕೂ ಅದೇ ಹೆಸರು. ಅದರೊಳಗಿನ ಭಾಗಗಳಿಗೂ ಅದೇ ಹೆಸರು. ಅಡುಗೆಮನೆ, ದೇವರಮನೆ, ನಡುಮನೆ, ಬಚ್ಚಲುಮನೆ ಎಂಬ ಸಮಾಸಗಳಿಂದ ಇದು ಸ್ಪಷ್ಟವಾಗುವುದು. ಮನೆಯೆಂಬುದು ಹಲವು ಮನೆಗಳ ಕೂಟ. ಒಂದೊಂದು ಅಂಗಕ್ಕೂ ಒಂದೊಂದು ಕೆಲಸ. ಆ ಕೆಲಸವೇ ಅದರ ಹೆಸರಿಗೆ ಆಧಾರ. ಈಗ ತುಮಕೂರು ನಗರದಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳಲ್ಲಿ ಒಂದು ವಾಸಸ್ಥಾನವನ್ನು ‘ಎರಡು ಬಿ.ಎಚ್.ಕೆ.’, ‘ಮೂರು ಬಿ.ಎಚ್.ಕೆ.’ ಎಂದು ಲೆಕ್ಕಹಾಕುವರು. ಮಲಗುವ ಕೋಣೆ, ಹಾಲ್, ಅಡುಗೆಯ ಕೋಣೆ ಎಂಬ ಮೂರನ್ನು ಮಾತ್ರ ಈ ಲೆಕ್ಕ ಬಲ್ಲದು. ಇದರಲ್ಲಿ ಸೇರದೆ ಉಳಿದ ಅಂಗಗಳು ಯಾವುವು, ಅವುಗಳ ಕೆಲಸವು ಈಗ ಎಲ್ಲಿ ನಡೆಯುತ್ತಿದೆ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨

ಬೆಂಗಳೂರಿಗೆ ಸುಮಾರು ೭೦ ಕಿಲೋಮೀಟರು ದೂರದಲ್ಲಿರುವ ತುಮಕೂರಿನ ಜನಸಂಖ್ಯೆಯು ೨೦೧೧ರ ಗಣತಿಯಲ್ಲಿಯೇ ಮೂರು ಲಕ್ಷವನ್ನು ಮೀರಿತ್ತು. ೨೦೧೬ರಲ್ಲಿ ಕೇಂದ್ರ ಸರ್ಕಾರದ ಸ್ಮಾರ್ಟ್ ಸಿಟಿ ಯೋಜನೆಗೆ ಈ ನಗರವು ಆಯ್ಕೆಯಾಯಿತು. ನೆಲದ ಬೆಲೆ ಏರಿದಂತೆ ಮನೆಗಳು ಮೇಲಕ್ಕೆ ಬೆಳೆಯುವುದು ಸಹಜವಷ್ಟೆ. ಪಶ್ಚಿಮಕ್ಕೆ ಬಿ.ಎಚ್. ರಸ್ತೆಯ ಮೇಲಿರುವ ಗುಬ್ಬಿಯಲ್ಲಿಯೂ, ದಕ್ಷಿಣಕ್ಕೆ ಬೆಂಗಳೂರು-ಮಂಗಳೂರು ಹೆದ್ದಾರಿಯ ಮೇಲಿರುವ ಕುಣಿಗಲಿನಲ್ಲಿಯೂ ಸ್ವಂತ ನಿವೇಶನದಲ್ಲಿ ಕಟ್ಟಿದ ಎರಡು ಮೂರು ಅಂತಸ್ತಿನ ಮನೆಗಳೇ ಹೆಚ್ಚು. ಆದರೆ ಅವುಗಳ ಮೇಲಂತಸ್ತುಗಳನ್ನು ಬಾಡಿಗೆಗೆಂದೇ ಕಟ್ಟುವುದರಿಂದ ಒಳಗಿನ ವಿನ್ಯಾಸವು ಅಪಾರ್ಟ್‌ಮೆಂಟಿನದನ್ನೇ ಹೋಲುವುದು. ಆದುದರಿಂದ ಮುಂದಿನ ವಿಚಾರವು ಮೂರು ಊರುಗಳಿಗೂ ಅನ್ವಯಿಸುವುದು.

೩

ಈ ಸೀಮೆಯ ಅನುಕೂಲಸ್ಥರ ಹಳೆಯ ಮನೆಯ ಕ್ರಮ ಹೀಗಿತ್ತು: ಬೀದಿಗೆ ಜಗಲಿ, ಬಾಗಿಲು ದಾಟಿದರೆ ಪಡಸಾಲೆ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ನಡುಮನೆ ಮೊದಲಾದ ಕೋಣೆಗಳು, ಹಿಂದೆ ಅಡುಗೆಮನೆ ಮತ್ತು ಬಚ್ಚಲು, ಕಡೆಗೆ ಹಿತ್ತಿಲು, ಇವೆಲ್ಲಕ್ಕೂ ಮೇಲೆ ಅಟ್ಟ.

ಪೇಟೆಯ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುವುದರಿಂದ ಎರಡು ಪಕ್ಕದ ಗೋಡೆಗಳಲ್ಲಿ ಕಿಟಕಿಯಿಡಲು ಅವಕಾಶವಿಲ್ಲ. ನಿವೇಶನವು ಅಗಲದಲ್ಲಿ ಕಿರಿದು, ಉದ್ದದಲ್ಲಿ ಹಿರಿದು. ಇಂತಹ ಮನೆಗೆ ಬೆಳಕು ಬರಬೇಕಾದರೆ ನಡುವಿನಿಂದಲೇ ಬರಬೇಕು. ಕಾದ ಗಾಳಿಯು ತೊಟ್ಟಿಯಿಂದ ಮೇಲೇರುವುದು. ಅದರ ಸ್ಥಳಕ್ಕೆ ಬೀದಿಯ ಕಡೆಯಿಂದಲೂ ಹಿತ್ತಿಲ ಕಡೆಯಿಂದಲೂ ತಂಪಾದ ಗಾಳಿಯು ಒಳಗೆ ಬರುವುದು. ದಪ್ಪನಾದ ಮಣ್ಣಿನ ಗೋಡೆಯು ಹಗಲಿನ ಕಾವನ್ನು ಹೀರಿಕೊಂಡು ಬಹಳ ತಡಮಾಡಿ ಒಳಕ್ಕೆ ಬಿಡುವುದು. ರಾತ್ರಿ ತಂಪಾಗುವ ಈ ಎತ್ತರದ ಬಯಲಿಗೆ ಇದು ತಕ್ಕ ಏರ್ಪಾಡು.

ಅಟ್ಟದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಗುಬ್ಬಿಯ ಕಡೆ ತೆಂಗಿನ ತೋಟಗಳು ಹೆಚ್ಚು. ಉಂಡೆ ಕೊಬ್ಬರಿಯಾಗಬೇಕಾದರೆ ಬಲಿತ ಕಾಯಿಯನ್ನು ಸಿಪ್ಪೆಸಹಿತವಾಗಿ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಒಣಗಲು ಬಿಡಬೇಕು. ಆದುದರಿಂದ ಅಲ್ಲಿ ಅಟ್ಟವೆಂಬುದು ಹಳೆಯ ಸಾಮಾನನ್ನು ಎಸೆಯುವ ಮೂಲೆಯಲ್ಲ. ಮನೆಯ ಆದಾಯವು ಪಕ್ವವಾಗುವ ಸ್ಥಾನ. ರಾಗಿ ಬೆಳೆಯುವ ಕುಣಿಗಲು ಸೀಮೆಯಲ್ಲಿ ಕಣಜ, ಹಗೇವುಗಳಿಗೂ ಇದೇ ಮರ್ಯಾದೆ ಸಲ್ಲುತ್ತಿತ್ತು.

ಆದರೆ ತೊಟ್ಟಿಯ ಮನೆಯೇ ಸರ್ವರ ಮನೆಯಾಗಿತ್ತೆಂದು ಭಾವಿಸಕೂಡದು. ಬಡವರು ಮಣ್ಣಿನ ಮಾಳಿಗೆಯ ಕೆಳಗೆ ಒಂದು ಗವಾಕ್ಷಿಯ ಬೆಳಕಿನಲ್ಲಿ ಅಥವಾ ಗುಡಿಸಲಿನಲ್ಲಿ ಬಾಳಿದರು. ತೊಟ್ಟಿಯ ಮನೆಯೊಳಗೂ ಹೊಗೆ ತುಂಬಿದ ಅಡುಗೆಮನೆಯು ಹೆಂಗಸರ ಪಾಲಿಗೇ ಬಂದಿತ್ತು. ಯಾರು ಜಗಲಿಯಲ್ಲಿಯೇ ನಿಲ್ಲತಕ್ಕವರು, ಯಾರು ಜಗಲಿಯನ್ನೂ ಏರಕೂಡದು ಎಂಬುದನ್ನು ಜಾತಿಯು ನಿಶ್ಚಯಿಸುತ್ತಿತ್ತು. ಹೊಸ ಕಟ್ಟಡದಲ್ಲಿ ಒಂದೇ ಮೆಟ್ಟಿಲನ್ನು ಎಲ್ಲರೂ ಹತ್ತುವರು. ಅಡುಗೆಯ ಕೋಣೆ ಹಾಲಿನ ಪಕ್ಕಕ್ಕೆ ಬಂದಿದೆ. ಶೌಚಗೃಹವು ಮನೆಯೊಳಗೇ ಇದೆ. ಇವು ಸಣ್ಣ ಲಾಭಗಳಲ್ಲ.

೪

ಹಳೆಯ ಮನೆಯ ಅಂಗಗಳು ಅಪಾರ್ಟ್‌ಮೆಂಟಿನಲ್ಲಿ ಸಂಪೂರ್ಣವಾಗಿ ನಾಶವಾಗಿವೆಯೆಂದು ಹೇಳುವುದು ಸರಿಯಲ್ಲ. ಅವು ಕಿರಿದಾಗಿವೆ, ಹಂಚಿಹೋಗಿವೆ, ಹೆಸರು ಬದಲಿಸಿಕೊಂಡಿವೆ. ಹಿತ್ತಿಲು ‘ಯುಟಿಲಿಟಿ’ಯಾಗಿ ಬಟ್ಟೆ ಒಗೆಯುವ ಯಂತ್ರಕ್ಕೆ ಸಾಲುವಷ್ಟು ಉಳಿದಿದೆ. ಅಟ್ಟವು ಬಾಗಿಲಿನ ಮೇಲಿನ ‘ಲಾಫ್ಟ್’ ಆಗಿದೆ. ಜಗಲಿಯು ಎರಡಾಗಿ ಒಡೆದು, ನೆರೆಯವರೊಡನೆ ಕೂಡುವ ಕೆಲಸವು ಮೆಟ್ಟಿಲಿನ ಪಕ್ಕದ ಓಣಿಗೂ, ಬೀದಿಯನ್ನು ನೋಡುವ ಕೆಲಸವು ಬಾಲ್ಕನಿಗೂ ಸೇರಿದೆ. ಓಣಿಯಲ್ಲಿ ಕೂರಲು ಸ್ಥಳವಿಲ್ಲ. ಬಾಲ್ಕನಿಯಿಂದ ದಾರಿಹೋಕನೊಡನೆ ಮಾತಾಡಲಾಗದು.

ಎಲ್ಲಕ್ಕಿಂತ ಗಮನಾರ್ಹವಾದುದು ತೊಟ್ಟಿಯ ಗತಿ. ಅಪಾರ್ಟ್‌ಮೆಂಟಿನಲ್ಲಿಯೂ ಮನೆಗೆ ಮನೆ ಅಂಟಿಕೊಂಡಿರುವುದು. ಆದುದರಿಂದ ಪೇಟೆಯ ಹಳೆಯ ಮನೆಗೆ ಇದ್ದ ತೊಡಕೇ ಇದಕ್ಕೂ ಉಂಟು. ನಡುವಿನಿಂದ ಬೆಳಕು ತರುವ ಉಪಾಯವನ್ನು ಹೊಸ ಕಟ್ಟಡವೂ ಬಿಟ್ಟಿಲ್ಲ. ಆದರೆ ಅದನ್ನು ‘ಡಕ್ಟ್’ ಎಂಬ ಕೊಳವೆಯ ಪ್ರಮಾಣಕ್ಕೆ ಇಳಿಸಿದೆ. ೨೦೧೬ರ ರಾಷ್ಟ್ರೀಯ ಕಟ್ಟಡ ಸಂಹಿತೆಯು, ಸ್ಥಳೀಯ ನಿಯಮಗಳಲ್ಲಿ ಅಂಗೀಕೃತವಾದಷ್ಟು ಮಟ್ಟಿಗೆ ಕಡ್ಡಾಯವಾಗತಕ್ಕದ್ದು. ಅದರ ಪ್ರಕಾರ ೧೮ ಮೀಟರು ಎತ್ತರದ ಕಟ್ಟಡದಲ್ಲಿ ಸ್ನಾನಶೌಚಗೃಹಗಳ ಗಾಳಿಗಾಗಿ ಬಿಡುವ ಇಂತಹ ಕೊಳವೆಯು ೪ ಚದರ ಮೀಟರಿದ್ದರೆ ಸಾಕು. ಹಿಂದೆ ಇಡೀ ಮನೆಯು ತೊಟ್ಟಿಗೆ ಮುಖಮಾಡಿತ್ತು. ಈಗ ಬಚ್ಚಲು ಮಾತ್ರ ಡಕ್ಟಿಗೆ ಮುಖಮಾಡಿದೆ. ಉಳಿದ ಕೋಣೆಗಳಿಗೆ ಹೊರಗೋಡೆಯ ಕಿಟಕಿಯೇ ಗತಿ. ಕಿಟಕಿಯಿಂದ ೭.೫ ಮೀಟರಿಗಿಂತ ದೂರವಿರುವ ಭಾಗಕ್ಕೆ ಅದರಿಂದ ಬೆಳಕು ದೊರೆಯುವುದೆಂದು ಎಣಿಸಕೂಡದೆಂದು ಅದೇ ಸಂಹಿತೆಯು ವಿಧಿಸಿದೆ. ಒಂದೇ ಕಡೆ ಕಿಟಕಿಯುಳ್ಳ ಆಳವಾದ ಹಾಲಿನಲ್ಲಿ ಹಗಲಿನಲ್ಲಿಯೂ ದೀಪ ಹಚ್ಚಬೇಕಾಗುವುದೇಕೆಂಬುದು ಇದರಿಂದ ತಿಳಿಯುವುದು.

ಕಾನೂನಿನ ಮಾತನ್ನೂ ನೋಡಬಹುದು. ಸ್ಥಿರಾಸ್ತಿ ನಿಯಂತ್ರಣದ ೨೦೧೬ರ ಕಾಯಿದೆಯು, ಕೊಳ್ಳುವವನಿಗೆ ಮೋಸವಾಗದಿರಲೆಂದು, ‘ಕಾರ್ಪೆಟ್ ಏರಿಯಾ’ ಎಂಬುದನ್ನು ನಿಷ್ಕೃಷ್ಟವಾಗಿ ನಿರೂಪಿಸಿದೆ. ಹೊರಗೋಡೆಗಳೂ, ಕೊಳವೆಗಳೂ, ಬಾಲ್ಕನಿ ಅಥವಾ ವರಾಂಡವೂ, ತೆರೆದ ತಾರಸಿಯೂ ಅದರಲ್ಲಿ ಸೇರುವುದಿಲ್ಲ. ಉದ್ದೇಶವು ಒಳ್ಳೆಯದು. ಆದರೂ ಜಗಲಿ, ತೊಟ್ಟಿ, ಮಾಳಿಗೆ ಎಂಬ ಮೂರು ತೆರೆದ ಅಂಗಗಳು ವಾಸಯೋಗ್ಯವೆಂಬ ಲೆಕ್ಕದ ಹೊರಗೆ ಉಳಿದುವು. ಲೆಕ್ಕಕ್ಕೆ ಬಾರದುದನ್ನು ಕಟ್ಟುವವನು ಕಿರಿದುಮಾಡುವುದೂ, ಕೊಳ್ಳುವವನು ಕೇಳದಿರುವುದೂ ಸುಲಭ.

೫

ಎತ್ತರದ ಕಟ್ಟಡದಲ್ಲಿ ಇವುಗಳಿಗೆ ಅವಕಾಶವೇ ಇಲ್ಲವೆಂಬ ಸಮಾಧಾನವು ನಿಲ್ಲದು. ಮುಂಬಯಿಯಲ್ಲಿ ಚಾರ್ಲ್ಸ್ ಕೊರಿಯಾ ಅವರು ವಿನ್ಯಾಸಮಾಡಿ ೧೯೮೩ರಲ್ಲಿ ಮುಗಿದ ಕಾಂಚನಜಂಗಾ ಕಟ್ಟಡವು ೨೮ ಅಂತಸ್ತಿನದು. ಅದರಲ್ಲಿ ೩೨ ವಾಸಸ್ಥಾನಗಳಿವೆ. ಅಲ್ಲಿ ಪಡುವಣ ಕಡಲಗಾಳಿಯೂ ಬೇಕು, ಅದೇ ದಿಕ್ಕಿನ ಬಿಸಿಲು ಮಳೆಗಳ ತಡೆಯೂ ಬೇಕು. ಹಳೆಯ ಬಂಗಲೆಗಳ ಸುತ್ತುಜಗಲಿಯಿಂದ ಪಾಠ ಕಲಿತು ಅವರು ಎರಡಂತಸ್ತಿನ ಎತ್ತರದ ತೆರೆದ ಜಗಲಿಗಳನ್ನು ಮೂಲೆಗಳಲ್ಲಿ ಇರಿಸಿದರು. ಅದು ಸಿರಿವಂತರ ಕಟ್ಟಡವೆಂಬುದು ನಿಜ. ಆದರೆ ಅದರ ತತ್ತ್ವಕ್ಕೆ ಸಿರಿ ಬೇಕಿಲ್ಲ. ನಾಲ್ಕೈದು ಅಂತಸ್ತಿನ ಕಟ್ಟಡದಲ್ಲಿ ಹಲವು ಡಕ್ಟುಗಳನ್ನು ಒಂದುಗೂಡಿಸಿ ನಡುವೆ ಒಂದೇ ಅಂಗಳವನ್ನು ಬಿಟ್ಟರೆ, ಓಣಿಯನ್ನು ಅದರ ಅಂಚಿಗೆ ತಂದು ಕೂರಲು ಒಂದು ಕಲ್ಲುಚಪ್ಪಡಿಯನ್ನು ಹಾಸಿದರೆ, ತೊಟ್ಟಿಯೂ ಜಗಲಿಯೂ ಬಹುಮಟ್ಟಿಗೆ ಮರಳಿ ಬರುವುವು.

೬

ಇದಿಷ್ಟೂ ಶಿಲ್ಪಿಗಳ ವಿಷಯ, ಸಾಹಿತ್ಯದ ಅಧ್ಯಾಪಕರಿಗೆ ಇದರಿಂದೇನು ಎಂದು ಕೇಳಬಹುದು. ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಯಜಮಾನನು ಬಡಗಿಯೊಡನೆ, ಗಾರೆಯವನೊಡನೆ ನಿವೇಶನದಲ್ಲಿಯೇ ನಿಂತು, ಜಗಲಿ ಇಷ್ಟು, ತೊಟ್ಟಿ ಅಷ್ಟು ಎಂದು ಗೊತ್ತುಮಾಡುತ್ತಿದ್ದನು. ಅಪಾರ್ಟ್‌ಮೆಂಟಿನಲ್ಲಿ ವಾಸಿಸತಕ್ಕವನು ಯಾರೆಂದು ತಿಳಿಯುವ ಮೊದಲೇ ವಿನ್ಯಾಸವು ಮುಗಿದಿರುವುದು. ಕೊಳ್ಳುವವನಿಗೆ ಉಳಿದಿರುವ ಅಧಿಕಾರವು ಪ್ರಶ್ನೆ ಕೇಳುವುದೊಂದೇ. ಕೇಳಲು ಮಾತು ಬೇಕು. ತೊಟ್ಟಿಯೆಂಬ ಶಬ್ದವನ್ನು ಅರಿಯದವನು ಬೆಳಕು ಸಾಲದೆಂದು ಕೊರಗಬಲ್ಲನೇ ಹೊರತು ಇಂತಹುದು ಬೇಕೆಂದು ಹೇಳಲಾರನು. ಹಿತ್ತಿಲನ್ನು ಕಾಣದ ಹುಡುಗನಿಗೆ ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಟೀಕೆಯಿಂದ ತಿಳಿಸಬಹುದು. ಅದರ ಕೊಂಕನ್ನು ತಿಳಿಸುವುದು ಕಷ್ಟ.

ಆದುದರಿಂದ ಮನೆಯ ಅಂಗಗಳ ಹೆಸರುಗಳನ್ನು ಸಂಗ್ರಹಿಸುವ ಕೆಲಸವು ನಿಘಂಟಿನ ಅಲಂಕಾರಕ್ಕಾಗಿ ಮಾತ್ರವಲ್ಲ. ತುಮಕೂರಿನ ಹಳೆಯ ಪೇಟೆಯಲ್ಲಿಯೂ, ಗುಬ್ಬಿ ಕುಣಿಗಲುಗಳ ಬೀದಿಗಳಲ್ಲಿಯೂ ಇನ್ನೂ ನಿಂತಿರುವ ಮನೆಗಳಿವೆ, ಅವುಗಳ ಹೆಸರುಗಳನ್ನು ಬಲ್ಲ ಹಿರಿಯರಿದ್ದಾರೆ, ಬಡಗಿಗಳಿದ್ದಾರೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳುಹಿಸಿ ಅಂಗದ ಹೆಸರು, ಅಳತೆ, ದಿಕ್ಕು, ಅಲ್ಲಿ ನಡೆಯುತ್ತಿದ್ದ ಕೆಲಸ, ಅಲ್ಲಿಗೆ ಬರಲು ಯಾರಿಗೆ ಅನುಮತಿಯಿತ್ತು, ಯಾರಿಗಿರಲಿಲ್ಲ ಎಂಬ ಐದನ್ನೂ ಕೂಡಿಯೇ ಬರೆಯಿಸಬೇಕು. ಹೆಸರನ್ನು ಮಾತ್ರ ಬರೆದುಕೊಂಡರೆ ಶಬ್ದಪಟ್ಟಿಯಾಗುವುದು. ಐದನ್ನೂ ಬರೆದುಕೊಂಡರೆ ಮುಂದೆ ಕಟ್ಟುವವರಿಗೂ ಕೊಳ್ಳುವವರಿಗೂ ಅದರಿಂದ ಉಪಯೋಗವುಂಟು.